ತಾನೇ ಆರಿ ತಾನೇ ಹೊತ್ತಿಕೊಳ್ಳುವ ಗಣಕಯಂತ್ರ

ಗಣಕಯಂತ್ರಕ್ಕೆ ಹೊಸದೊಂದು ಅಂಗವನ್ನು ಜೋಡಿಸಿದ ಮೇಲೆ ಅದು ಯಾವ ಮುನ್ಸೂಚನೆಯನ್ನೂ ಕೊಡದೆ ಆರಿಹೋಗಿ, ಮರುಕ್ಷಣದಲ್ಲಿ ತಾನಾಗಿಯೇ ಹೊತ್ತಿಕೊಳ್ಳುವ ವಿಚಿತ್ರವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಇದಕ್ಕೆ ನಮ್ಮ ಕಡೆ ಎರಡು ವಿವರಣೆಗಳು ಬಳಕೆಯಲ್ಲಿವೆ. ಒಂದು, ‘ವೈರಸ್ ಹೊಕ್ಕಿದೆ’. ಇನ್ನೊಂದು, ‘ಮದರ್‌ಬೋರ್ಡು ಹೋಗಿದೆ’. ಮೊದಲನೆಯದನ್ನು ನಂಬಿದವರು ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಿ ಮತ್ತೆ ತುಂಬಿಸುತ್ತಾರೆ. ಎರಡನೆಯದನ್ನು ನಂಬಿದವರು ಕಿಸೆಯನ್ನು ಬರಿದು ಮಾಡಿಕೊಳ್ಳುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂಥ ಚಿಕಿತ್ಸೆಗೇ ಹೊಂದುವಂತಿದೆ.

ಇದೇನು ನಗೆಯ ವಿಷಯವಲ್ಲ. ಯಲಬುರ್ಗಾ ತಾಲೂಕಿನ ಒಣಬೇಸಾಯದ ಮನೆಯ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಿರಿ. ಶೇಂಗಾ ಮಾರಿ ಬಂದ ಹಣದಲ್ಲಿ ಅವನ ತಂದೆ ಹಳೆಯದೊಂದು ಗಣಕವನ್ನು ಕೊಡಿಸಿದ್ದಾನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಹುಡುಗನು ಅದಕ್ಕೆ ಗ್ರಾಫಿಕ್ಸ್ ಕಾರ್ಡೊಂದನ್ನು ಸೇರಿಸುತ್ತಾನೆ. ಅಂದಿನಿಂದ ಯಂತ್ರವು ದಿನಕ್ಕೆ ನಾಲ್ಕೈದು ಬಾರಿ ಆರುತ್ತದೆ. ರಿಪೇರಿಯವನು ಮೊದಲು ರ್ಯಾಮನ್ನು, ಅನಂತರ ಮದರ್‌ಬೋರ್ಡನ್ನು ಬದಲಾಯಿಸುತ್ತಾನೆ. ರೋಗ ಇದ್ದಂತೆಯೇ ಇರುತ್ತದೆ. ಊಹೆಯಿಂದ ಬಿಡಿಭಾಗಗಳನ್ನು ಬದಲಿಸುತ್ತ ಹೋಗುವುದು ಬಡವರ ಮೇಲೆ ಬೀಳುವ ಒಂದು ಬಗೆಯ ತೆರಿಗೆಯೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಈ ತೆರಿಗೆಯನ್ನು ತಪ್ಪಿಸಬಲ್ಲ ವಿದ್ಯೆಯು ಪದವಿಪೂರ್ವ ತರಗತಿಯ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ.

ಮೊದಲು ಕೇಳಬೇಕಾದ ಪ್ರಶ್ನೆ ‘ಯಾವುದು ಕೆಟ್ಟಿದೆ?’ ಎಂಬುದಲ್ಲ, ‘ಯಾವುದು ಬದಲಾಯಿತು?’ ಎಂಬುದು. ಹೊಸ ಅಂಗವು ಬಂದ ಮೇಲೆ ದೋಷ ಕಾಣಿಸಿಕೊಂಡಿತೆಂದ ಮಾತ್ರಕ್ಕೆ ಹೊಸ ಅಂಗವೇ ದೋಷಿಯೆಂದು ಹೇಳಲಾಗದು. ಹಳೆಯ ಅಚ್ಚಿನ ಬಂಡಿಗೆ ಇನ್ನೆರಡು ಚೀಲ ಜೋಳ ಹೇರಿದಾಗ ಅಚ್ಚು ಮುರಿದರೆ ಜೋಳವನ್ನು ಯಾರೂ ಬಯ್ಯುವುದಿಲ್ಲ. ಗಣಕದಲ್ಲಿ ಆ ಅಚ್ಚಿನ ಸ್ಥಾನದಲ್ಲಿರುವುದು ಪವರ್ ಸಪ್ಲೈ ಎಂಬ ತಗಡಿನ ಪೆಟ್ಟಿಗೆ.

ಆ ಪೆಟ್ಟಿಗೆಯು ಗೋಡೆಯಿಂದ ಬರುವ ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿ ಮಾಡಿ, ದೊಡ್ಡದೊಂದು ಧಾರಕದಲ್ಲಿ, ಅಂದರೆ ಅಂಗಡಿಯವರು ಕೆಪ್ಯಾಸಿಟರ್ ಎನ್ನುವುದರಲ್ಲಿ, ತುಂಬಿಸಿಕೊಳ್ಳುತ್ತದೆ. ಅಲ್ಲಿಂದ ತೆಗೆದು 12, 5 ಮತ್ತು 3.3 ವೋಲ್ಟುಗಳಾಗಿ ಹಂಚುತ್ತದೆ. ಹಂಚುವ ವೋಲ್ಟುಗಳು ಸರಿಯಾಗಿರುವವರೆಗೆ ಅದು ಮದರ್‌ಬೋರ್ಡಿಗೆ ‘ಪವರ್ ಗುಡ್’ ಎಂಬ ಸಂಕೇತವನ್ನು ಕಳುಹಿಸುತ್ತಿರುತ್ತದೆ. ಸಂಕೇತ ತಪ್ಪಿತೆಂದರೆ ಯಂತ್ರವು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಮೊದಲಿನಿಂದ ಪ್ರಾರಂಭಿಸುತ್ತದೆ. ನಾವು ದೋಷವೆಂದು ಕರೆಯುವುದು ಅನೇಕ ವೇಳೆ ಈ ಕಾವಲುಗಾರನ ಕರ್ತವ್ಯಪಾಲನೆಯೇ ಆಗಿರುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಕಾಗದ ಪೆನ್ಸಿಲನ್ನು ತೆಗೆದುಕೊಂಡು ಕುಳಿತರೆ ಒಳ್ಳೆಯದು. ಅಗ್ಗದ, ಸರಳ ರಚನೆಯ ಪೆಟ್ಟಿಗೆಯೊಂದರ ಧಾರಕತೆ 330 ಮೈಕ್ರೊಫ್ಯಾರಡ್ ಇದೆಯೆಂದು ಇಟ್ಟುಕೊಳ್ಳೋಣ. ಗೋಡೆಯಲ್ಲಿ 230 ವೋಲ್ಟ್ ಇದ್ದರೆ ಅಲೆಯ ಶಿಖರ ಸುಮಾರು 325 ವೋಲ್ಟ್. ಧಾರಕತೆಯನ್ನು ವೋಲ್ಟಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಸಂಚಿತ ಶಕ್ತಿ 17.4 ಜೌಲ್. ಆದರೆ ಎಲ್ಲವೂ ಉಪಯೋಗಕ್ಕೆ ಬಾರದು. 225 ವೋಲ್ಟಿಗಿಂತ ಕೆಳಗಿಳಿದರೆ ಪೆಟ್ಟಿಗೆಯು ಕೈಚೆಲ್ಲುವುದೆಂದು ಭಾವಿಸಿದರೆ 8.4 ಜೌಲ್ ಒಳಗೇ ಉಳಿದು, ಕೈಗೆ ಸಿಕ್ಕುವುದು 9 ಜೌಲ್ ಮಾತ್ರ. ಹಳೆಯ ಯಂತ್ರವು, ಪೆಟ್ಟಿಗೆಯೊಳಗಿನ ನಷ್ಟವೂ ಸೇರಿ, 150 ವಾಟ್ ಎಳೆಯುತ್ತಿದ್ದರೆ ಈ ಉಳಿತಾಯವು 60 ಮಿಲಿಸೆಕೆಂಡು ಬಾಳುತ್ತದೆ. ಹೊಸ ಕಾರ್ಡು ಬಂದು 300 ವಾಟ್ ಆದರೆ 30 ಮಿಲಿಸೆಕೆಂಡು. ಎರಡೂ ಸಾಕು, ಏಕೆಂದರೆ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ 10 ಮಿಲಿಸೆಕೆಂಡು ಮಾತ್ರ.

ಆದರೆ ಗೋಡೆಯ ವೋಲ್ಟ್ 180ಕ್ಕೆ ಇಳಿಯಲಿ. ಶಿಖರ 254 ವೋಲ್ಟಿಗೆ ಬರುತ್ತದೆ. ಕೈಗೆ ಸಿಕ್ಕುವ ಶಕ್ತಿ ಕೇವಲ 2.3 ಜೌಲ್. ವೋಲ್ಟ್ ಕಾಲುಭಾಗವೂ ಕಡಿಮೆಯಾಗಲಿಲ್ಲ, ಶಕ್ತಿಯು ಕಾಲುಭಾಗವೇ ಉಳಿಯಿತು! ವರ್ಗದ ನಿಯಮದ ಚಮತ್ಕಾರವಿದು. ಈ 2.3 ಜೌಲ್ ಹಳೆಯ ಯಂತ್ರಕ್ಕೆ 15 ಮಿಲಿಸೆಕೆಂಡು ಸಾಲುತ್ತದೆ, ಹೊಸದಕ್ಕೆ ಎಂಟನ್ನೂ ಮುಟ್ಟುವುದಿಲ್ಲ. ಮುಂದಿನ ಅಲೆಯು ಮತ್ತೆ 225 ವೋಲ್ಟಿಗೆ ಏರಲು ಬೇಕಾದ ಕಾಲವೋ ಸುಮಾರು 8.4 ಮಿಲಿಸೆಕೆಂಡು. ಹಳೆಯ ಯಂತ್ರವು ಬದುಕುತ್ತದೆ, ಹೊಸದು ಸಾಯುತ್ತದೆ. ಇಲ್ಲಿ ಕೆಟ್ಟಿರುವ ವಸ್ತುವೇ ಇಲ್ಲ! ರ್ಯಾಮನ್ನು ಬದಲಾಯಿಸಿದರೇನು, ಮದರ್‌ಬೋರ್ಡನ್ನು ಬದಲಾಯಿಸಿದರೇನು? ಉತ್ತಮ ದರ್ಜೆಯ ಪೆಟ್ಟಿಗೆಗಳಲ್ಲಿ ಧಾರಕದ ವೋಲ್ಟನ್ನು ಎತ್ತಿ ಹಿಡಿಯುವ ಏರ್ಪಾಡು ಇರುವುದರಿಂದ ಅವು ಇಂಥ ಇಳಿತವನ್ನು ಸಹಿಸುತ್ತವೆ. ಹೆಚ್ಚು ಬೆಲೆ ತೆರುವುದು ಇದಕ್ಕೇ.

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಗಂಗಾವತಿಯ ಸುತ್ತ ಅಕ್ಕಿ ಗಿರಣಿಗಳು, ಕೊಪ್ಪಳದ ಬಳಿ ಕಬ್ಬಿಣ ಉಕ್ಕಿನ ಕಾರ್ಖಾನೆಗಳು, ಕುಷ್ಟಗಿ ಯಲಬುರ್ಗಾಗಳ ಹೊಲಗಳಲ್ಲಿ ಕೊಳವೆಬಾವಿಯ ಪಂಪುಗಳು. ಇವುಗಳಲ್ಲಿ ಸಾಮಾನ್ಯವಾಗಿರುವ ಇಂಡಕ್ಷನ್ ಮೋಟಾರು ನೇರವಾಗಿ ಚಾಲೂ ಆಗುವಾಗ ತನ್ನ ನಿತ್ಯದ ಪ್ರವಾಹದ ಐದಾರು ಪಟ್ಟನ್ನು ಎಳೆಯುತ್ತದೆ. ಉದ್ದನೆಯ ತಂತಿಯ ಕೊನೆಯಲ್ಲಿರುವ ಮನೆಯಲ್ಲಿ ಓಮನ ನಿಯಮಕ್ಕನುಸಾರವಾಗಿ ವೋಲ್ಟ್ ಕುಸಿಯುತ್ತದೆ. ಹಳ್ಳಿಯ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಬೆಳಗುವುದನ್ನು ನೋಡದವರಾರು? ಗಣಕವು ಆರಿದ ವೇಳೆಯನ್ನೂ ಪಕ್ಕದ ಪಂಪು ಚಾಲೂ ಆದ ವೇಳೆಯನ್ನೂ ಒಂದು ವಾರ ಬರೆದಿಟ್ಟರೆ ಸಾಕು, ಅನೇಕ ‘ವೈರಸ್’ಗಳ ಗುಟ್ಟು ರಟ್ಟಾಗುವುದು. ಸಾಮಾನ್ಯ ಮಲ್ಟಿಮೀಟರನ್ನು ಇಲ್ಲಿ ಪೂರ್ತಿ ನಂಬಬಾರದು. ಕಣ್ಣೆವೆಯಷ್ಟು ಹೊತ್ತಿನ ಕುಸಿತವು ಅದರ ಅಂಕೆಗಳಲ್ಲಿ ಮೂಡುವುದಿಲ್ಲ. ಪರಿಹಾರವೆಂದು ತಂದ ರಿಲೇ ಮಾದರಿಯ ಸ್ಟೆಬಿಲೈಸರು ಕೂಡ ತನ್ನ ಸಂಪರ್ಕವನ್ನು ಬದಲಿಸುವಾಗ ಕೆಲವು ಮಿಲಿಸೆಕೆಂಡು ವಿದ್ಯುತ್ತನ್ನು ಕಡಿಯುತ್ತದೆಂಬುದನ್ನು ಮಾರುವವರು ಹೇಳುವುದು ಅಪರೂಪ.

ವಿದ್ಯುತ್ತು ನಿರ್ದೋಷಿಯೆಂದು ಕಂಡರೆ ಉಳಿದವುಗಳ ಸರದಿ. ಹೊಸ ಅಂಗವನ್ನು ಕಳಚಿ ಎರಡು ದಿನ ನಡೆಸಿ ನೋಡುವುದು, ರ್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಇಟ್ಟು ಮೆಮ್‌ಟೆಸ್ಟ್86ನಂಥ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸುವುದು, ಬೇಸಗೆಯ ಧೂಳಿನಿಂದ ಪಂಖ ಕಟ್ಟಿಕೊಂಡಿದೆಯೇ ಎಂದು ನೋಡುವುದು, ಇವೆಲ್ಲ ಬಲ್ಲವರಿಗೆ ತಿಳಿದವೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದನ್ನು ಮಾತ್ರ ಒತ್ತಿ ಹೇಳುತ್ತೇವೆ. ವಿಂಡೋಸ್ ತನ್ನ ದಿನಚರಿಯಲ್ಲಿ ಬರೆದಿಡುವ ‘ಕರ್ನೆಲ್-ಪವರ್ 41’ ಎಂಬ ಟಿಪ್ಪಣಿಯನ್ನು ಕಂಡು ಕಾರಣ ಸಿಕ್ಕಿತೆಂದು ಹಿಗ್ಗುವವರಿದ್ದಾರೆ. ಯಂತ್ರವು ಕ್ರಮವಾಗಿ ಮುಚ್ಚದೆ ಮತ್ತೆ ಪ್ರಾರಂಭವಾಯಿತೆಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಪಂಚನಾಮೆಯು ಅಪರಾಧಿಯ ಹೆಸರಲ್ಲ.

‘ಕಾರಣವಿಲ್ಲದೆ ಆಯಿತು’ ಎಂಬ ಮಾತನ್ನು ಒಪ್ಪದವರಿಂದಲೇ ವಿಜ್ಞಾನ ಬೆಳೆದಿದೆ. ಸ್ಮರಣೆಯ ಚಿಪ್ಪುಗಳಲ್ಲಿ ಒಮ್ಮೊಮ್ಮೆ ಅಂಕೆಯೊಂದು ತಾನಾಗಿ ಪಲ್ಲಟವಾಗುತ್ತಿದ್ದುದರ ಮೂಲವನ್ನು 1978ರಲ್ಲಿ ಇಂಟೆಲ್ ಸಂಸ್ಥೆಯ ಮೇ ಮತ್ತು ವುಡ್ಸ್ ಎಂಬವರು ತೋರಿಸಿಕೊಟ್ಟರು. ಚಿಪ್ಪಿನ ಹೊದಿಕೆಯಲ್ಲಿ ಲೇಶಮಾತ್ರವಿದ್ದ ಯುರೇನಿಯಂ ಮತ್ತು ಥೋರಿಯಂಗಳು ಸೂಸುತ್ತಿದ್ದ ಆಲ್ಫಾ ಕಣಗಳೇ ಅದಕ್ಕೆ ಕಾರಣವಾಗಿದ್ದವು. (ಆನೆಗೊಂದಿಯ ಗ್ರಾನೈಟ್ ಬಂಡೆಗಳಲ್ಲಿಯೂ ಇವುಗಳ ಅಂಶವಿದೆ, ಆದರೆ ಆಲ್ಫಾ ಕಣವು ಕೆಲವೇ ಸೆಂಟಿಮೀಟರು ಗಾಳಿಯಲ್ಲಿ ಅಡಗಿಹೋಗುವುದರಿಂದ ಗಂಗಾವತಿಯವರು ಗುಡ್ಡಗಳ ಮೇಲೆ ತಪ್ಪು ಹೊರಿಸುವಂತಿಲ್ಲ.)

ಇದೆಲ್ಲ ಮೆಕ್ಯಾನಿಕನ ಕೆಲಸ, ಕಾಲೇಜಿಗೇಕೆ ಎನ್ನುವವರಿದ್ದಾರೆ. ಧಾರಕದ ಶಕ್ತಿಯ ಸೂತ್ರವನ್ನು ಪರೀಕ್ಷೆಯಲ್ಲಿ ಪ್ರತಿವರ್ಷ ಕೇಳಿ, ಆ ಧಾರಕವು ವಿದ್ಯಾರ್ಥಿಯ ಮೇಜಿನ ಕೆಳಗೇ ಕುಳಿತಿದೆಯೆಂಬುದನ್ನು ಹೇಳದಿರುವ ಪಾಠಕ್ರಮವನ್ನು ನಾವು ಒಪ್ಪಲಾರೆವು. ಉಪಾಯ ಸುಲಭವಾಗಿದೆ. ಅನೇಕ ಪ್ರಯೋಗಶಾಲೆಗಳಲ್ಲಿ ವೋಲ್ಟನ್ನು ಏರಿಸಿ ಇಳಿಸುವ ಡಿಮ್ಮರ್‌ಸ್ಟಾಟ್ ಇರುತ್ತದೆ. ಬೇಡವಾದ ಹಳೆಯ ಗಣಕವೊಂದನ್ನು ಅದಕ್ಕೆ ಜೋಡಿಸಿ, ಉಪನ್ಯಾಸಕರ ಸಮಕ್ಷಮದಲ್ಲಿ, 230ರಿಂದ ಮೆಲ್ಲಗೆ ಇಳಿಸುತ್ತ ಬರಬೇಕು. ಯಂತ್ರವು ಸುಮ್ಮನಿರುವಾಗ ಎಷ್ಟು ವೋಲ್ಟಿಗೆ ಆರುತ್ತದೆ, ಭಾರವಾದ ಕೆಲಸವನ್ನು ಮಾಡುತ್ತಿರುವಾಗ ಎಷ್ಟಕ್ಕೆ ಆರುತ್ತದೆ ಎಂಬ ಎರಡು ಅಂಕೆಗಳನ್ನು ಬರೆದುಕೊಂಡು, ಮೇಲಿನ ಲೆಕ್ಕದೊಡನೆ ಹೋಲಿಸಬೇಕು. ಪವರ್ ಸಪ್ಲೈ ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಯಾರೂ ತೆರೆಯಕೂಡದು. ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೂ ಆ 325 ವೋಲ್ಟ್ ಒಳಗೆ ಕೆಲಹೊತ್ತು ಕಾದು ಕುಳಿತಿರಬಹುದು.