ಟಿಕ್ಕು ಹಾಕುವ ಆಡಿಟ್

ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಖಾಸಗಿ ಶಾಲೆಯ ಆಡಳಿತ ಮಂಡಳಿಗೆ ಐ.ಎಸ್.ಓ. 9001 ಪ್ರಮಾಣಪತ್ರ ಬೇಕೆನಿಸಿತು. ಎರಡು ದಿನದ ತರಬೇತಿ ಕೊಟ್ಟು ನಮ್ಮಲ್ಲಿ ನಾಲ್ವರನ್ನು ಆಂತರಿಕ ಆಡಿಟರುಗಳೆಂದು ಕರೆದರು. ವಂಡ್ಸೆಯ ನಮ್ಮ ಮನೆಯಲ್ಲಿ ಬಿ.ಎ., ಬಿ.ಎಡ್. ಮಾಡಿದವಳು ನಾನೊಬ್ಬಳೇ. ಈಗ ಆಡಿಟರೂ ಆದೆನೆಂದು ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ.

ಪ್ರಶ್ನೆಗಳ ಪಟ್ಟಿ ಹಿಡಿದು ಹೊರಟೆ. ಪಾಠಯೋಜನೆ ಇದೆಯೇ? ಇದೆ. ಹಿಂದುಳಿದ ಮಕ್ಕಳ ಪರಿಹಾರ ಬೋಧನೆಯ ಪುಸ್ತಕ ಇದೆಯೇ? ಇದೆ. ಮುಖ್ಯೋಪಾಧ್ಯಾಯರ ಸಹಿ? ಅದೂ ಇದೆ. ಎಲ್ಲಕ್ಕೂ ಟಿಕ್ಕು. ಹೊರಗಿನಿಂದ ಬಂದ ಆಡಿಟರು ಆಫೀಸಿನಲ್ಲಿ ಕುಳಿತು ಅದೇ ಪುಸ್ತಕಗಳನ್ನು ತಿರುವಿ ಹಾಕಿದರು. ಮಾರ್ಚ್‌ನಲ್ಲಿ ಪ್ರಮಾಣಪತ್ರ ಬಂತು, ಗೋಡೆ ಏರಿತು.

ಜೂನ್‌ನಲ್ಲಿ ಏಳನೆಯ ತರಗತಿಯ ಕನ್ನಡ ನನ್ನ ಪಾಲಿಗೆ ಬಂತು. ಒಬ್ಬ ಹುಡುಗಿಗೆ ಓದಲು ಹೇಳಿದೆ. ಎದ್ದು ನಿಂತಳು, ಪುಸ್ತಕ ನೋಡಿದಳು, ಕಣ್ಣು ತುಂಬಿಕೊಂಡಳು. ಸಂಜೆ ಪಕ್ಕಕ್ಕೆ ಕರೆದು ಕೇಳಿದರೆ, "ಒತ್ತಕ್ಷರ ಬಂದ್ರೆ ಓದೂಕೆ ಬತ್ತಿಲ್ಲ ಟೀಚರೇ" ಎಂದಳು. ಇಷ್ಟು ವರ್ಷ ಗೆಳತಿಯರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿ ಪಾರಾಗಿದ್ದಳು. ಹಳೆಯ ಪುಸ್ತಕ ತೆಗೆಸಿ ನೋಡಿದೆ. ಮೂರನೆಯ ತರಗತಿಯಲ್ಲೇ ಅವಳ ಹೆಸರಿನ ಮುಂದೆ "ಒತ್ತಕ್ಷರದಲ್ಲಿ ಹಿಂದೆ" ಎಂದು ಬರೆದಿತ್ತು. ಆ ಪುಸ್ತಕದ ಮೇಲಿದ್ದ ಟಿಕ್ಕು ನನ್ನದೇ.

ತಪ್ಪಿದ್ದೆಲ್ಲಿ? ಮೂರನೆಯ ತರಗತಿಯ ಟೀಚರು ಬರೆದಿಟ್ಟರು, ಪುಸ್ತಕ ಅವರ ಬೀರುವಿನಲ್ಲೇ ಉಳಿಯಿತು. ನಾಲ್ಕನೆಯ ತರಗತಿಯವರು ಹೊಸ ಪುಸ್ತಕ ತೆರೆದರು. ಯಾರೂ ಕೆಲಸಗಳ್ಳರಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಆ ಮಗುವಿನ ಸುದ್ದಿ ದಾಟಲಿಲ್ಲ, ಅಷ್ಟೇ. ನಾವು ಆಡಿಟರುಗಳು ತರಗತಿಗಳನ್ನು ಹಂಚಿಕೊಂಡಿದ್ದೆವು. ತರಗತಿ ತರಗತಿಗಳ ನಡುವಿನ ಜಾಗ ಯಾರ ಪಾಲಿಗೂ ಬಂದಿರಲಿಲ್ಲ.

ಆಮೇಲೆ ತರಬೇತಿಯ ಪುಸ್ತಕವನ್ನು ಸರಿಯಾಗಿ ಓದಿದೆ. ಈ ಮಾನಕ ಮೊದಲು ಬಂದದ್ದು 1987ರಲ್ಲಿ. 1994ರ ಆವೃತ್ತಿಯಲ್ಲಿ 20 ಅಂಶಗಳಿದ್ದವು. ಆಡಿಟರು ಒಂದೊಂದನ್ನೇ ಕೇಳುತ್ತ ಹೋಗುತ್ತಿದ್ದರು. 2000ದಲ್ಲಿ ಅದನ್ನು ಬದಲಿಸಿ, ಕೆಲಸವನ್ನು ಪ್ರಕ್ರಿಯೆಯಾಗಿ ನೋಡಿ ಎಂದರು. ಅಂದರೆ ಏನು ಒಳಗೆ ಬರುತ್ತದೆ, ಯಾರ ಕೈ ದಾಟುತ್ತದೆ, ಕೊನೆಗೆ ಏನಾಗಿ ಹೊರಬರುತ್ತದೆ ಎಂಬ ಹಾದಿಯನ್ನು ಹಿಡಿದು ನಡೆಯಿರಿ ಎಂದು. 2015ರ ಆವೃತ್ತಿಯಲ್ಲಂತೂ ಗುಣಮಟ್ಟದ ಕೈಪಿಡಿ ಇರಲೇಬೇಕೆಂಬ ನಿಯಮವನ್ನೂ ಕೈಬಿಟ್ಟರು. ಮಾನಕವೇ ಕಾಗದ ಇಳಿಸುತ್ತ ಬಂದಿದೆ, ನಾವು ಮಾತ್ರ ಏರಿಸುತ್ತಲೇ ಇದ್ದೇವೆ!

ಇದನ್ನು ನನಗೆ ತರಬೇತಿಗಿಂತ ಚೆನ್ನಾಗಿ ತಿಳಿಸಿದವರು ನೆರೆಮನೆಯ ಅಕ್ಕ. ಅವರು ಗೇರುಬೀಜ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದವರು. ಅಲ್ಲಿ ಇಡೀ ತಿರುಳಿಗೇ ಬೆಲೆ. 320 ಎಂಬ ದರ್ಜೆಯೆಂದರೆ ಪೌಂಡಿಗೆ 300ರಿಂದ 320 ಇಡೀ ತಿರುಳು. ತುಂಡಾದರೆ ದರ ಬಿತ್ತು. ಅಕ್ಕ ಹೇಳಿದರು: "ಸುಲಿಯುವಲ್ಲಿ ತುಂಡಾಯ್ತ್ ಅಂದ್ರೆ ಸುಲಿಯುವವಳ ಕೈ ಒಂದನ್ನೇ ಕಾಂಬುದಲ್ಲ ಟೀಚರೇ. ಒಣಗ್ಸಿದ್ದ್ ಹೆಚ್ಚಾಯ್ತಾ ಅಂತ ಹಿಂದೆ ಹೋಯಿ ಕಾಣ್ಕ್." ತಿರುಳು ಅತಿಯಾಗಿ ಒಣಗಿದರೆ ಸಿಪ್ಪೆ ತೆಗೆಯುವಾಗ ಮುರಿಯುತ್ತದೆ. ಮುರಿದದ್ದು ಇಲ್ಲಿ, ಕಾರಣ ಅಲ್ಲಿ.

ನಮ್ಮ ಶಾಲೆಯಲ್ಲಿ ಆದದ್ದೇನು ಗೊತ್ತೇ? ನಾನು ವಿಷಯ ತಿಳಿಸಿದೊಡನೆ ಆಡಳಿತದವರು ಕೇಳಿದ ಮೊದಲ ಪ್ರಶ್ನೆ, "ಆಗ ಮೂರನೆಯ ತರಗತಿಯ ಟೀಚರು ಯಾರು?" ಅವರಿಂದ ವಿವರಣೆ ಬರೆಸಿಕೊಂಡರು. ನಮಗೆಲ್ಲ ಮತ್ತೊಂದು ರಿಜಿಸ್ಟರು ಕೊಟ್ಟರು. ಮಾನಕ ಕೇಳುವುದು ತಪ್ಪಿನ ಕಾರಣವನ್ನು. ನಾವು ಹುಡುಕುವುದು ತಪ್ಪಿತಸ್ಥರನ್ನು. ಹೀಗಾದ ಮೇಲೆ ಮುಂದಿನ ಆಡಿಟ್‌ನಲ್ಲಿ ಯಾವ ಟೀಚರು "ಹಿಂದೆ" ಎಂದು ನಿಜ ಬರೆದಾರು?

ದಾಖಲೆಯೇ ಬೇಡವೇ ಎಂದು ಕೆಲವರು ಕೇಳಿದ್ದಾರೆ. ಬೇಕು. ಆ ಹಳೆಯ ಪುಸ್ತಕ ಇಲ್ಲದಿದ್ದರೆ ಹುಡುಗಿ ಎಲ್ಲಿ ಎಡವಿದಳೆಂಬುದೇ ನನಗೆ ತಿಳಿಯುತ್ತಿರಲಿಲ್ಲ. ಆದರೆ ದಾಖಲೆ ಹಾದಿ ತೋರಿಸುವ ಕೈಮರ. ಕೈಮರ ನೆಟ್ಟಗಿದೆಯೆಂದು ಬರೆದುಕೊಂಡು ಮನೆಗೆ ಹೋದವರು ಊರು ಮುಟ್ಟಿದಂತಾಗುವುದಿಲ್ಲ. ಪರಿಹಾರ ಬೋಧನೆ ಎಷ್ಟು ಗಂಟೆ ನಡೆಯಿತೆಂದು ಎಣಿಸಿದೆವು. ಅದರಿಂದ ಎಷ್ಟು ಮಕ್ಕಳು ಓದಲು ಕಲಿತರೆಂದು ಒಬ್ಬರೂ ಕೇಳಲಿಲ್ಲ.

ಆಡಿಟ್ ಮಾಡುವ ಮಹನೀಯರಲ್ಲಿ ನನ್ನ ಬೇಡಿಕೆ ಇಷ್ಟೇ. ಆಫೀಸಿನ ಕುರ್ಚಿಯಿಂದ ಏಳಿ. ತಾರೀಖು ಮೊದಲೇ ತಿಳಿಸಿದ ದಿನ ಎಲ್ಲ ಶಾಲೆಗಳೂ ಚೆಂದ. ಹಾಗಾಗಿ ನಾವು ಆರಿಸಿಕೊಟ್ಟ ಮಗುವನ್ನು ಬಿಟ್ಟು ನೀವೇ ಒಂದು ಮಗುವನ್ನು ಆರಿಸಿ. ಅದರ ಕೈಯಲ್ಲಿ ಒಂದು ಪುಟ ಓದಿಸಿ, ಅಲ್ಲಿಂದ ಹಿಂದಕ್ಕೆ ಒಂದನೆಯ ತರಗತಿಯವರೆಗೆ ನಡೆಯಿರಿ. ಮುಖ್ಯೋಪಾಧ್ಯಾಯರನ್ನು ಕೇಳಿದ್ದನ್ನೇ ಟೀಚರನ್ನೂ ಕೇಳಿ, ಮಗುವನ್ನೂ ಕೇಳಿ.

ಆ ಹುಡುಗಿ ಆ ವರ್ಷ ದಿನವೂ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನನ್ನ ಜೊತೆ ಕುಳಿತಳು. ದೀಪಾವಳಿಯ ಹೊತ್ತಿಗೆ ಒತ್ತಕ್ಷರ ಹಿಡಿತಕ್ಕೆ ಬಂತು. ಅದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಮ್ಮಿರಲಿಲ್ಲ. ಅವಳು ಕಳಕೊಂಡ ನಾಲ್ಕು ವರ್ಷಗಳಿಗೂ ಇರಲಿಲ್ಲ.