ಹೇಳಿದ್ದನ್ನೇ ಹೇಳುವ ಆಜ್ಞೆ

ಗಣಕಯಂತ್ರವು ಈಗ ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಿಗೂ ಬಂದಿರುವುದರಿಂದ, ಅದರೊಳಗಿನ ಒಂದು ಸಣ್ಣ ಆಜ್ಞೆಯ ವಿಷಯವನ್ನು ಗೃಹಸ್ಥರು ಅರಿತಿರುವುದು ಲೇಸು. ಅದರ ಹೆಸರು ‘ಎಕೋ’; ಎಂದರೆ ಮಾರ್ದನಿ. ಲಿನಕ್ಸ್ ಯಂತ್ರಗಳಲ್ಲಿ ನಾವು ಬರೆದ ಆಜ್ಞೆಯನ್ನು ಓದಿ ನಡೆಯಿಸುವ ‘ಶೆಲ್’ ಎಂಬ ದುಭಾಷಿ ಉಂಟಷ್ಟೆ. ಬ್ರಯನ್ ಫಾಕ್ಸ್ ಎಂಬವರು 1989ರಲ್ಲಿ ಹೊರತಂದ ‘ಬ್ಯಾಶ್’ ಅಂಥವುಗಳಲ್ಲಿ ಬಹು ಪ್ರಸಿದ್ಧವಾದುದು. ಎಕೋ ಈ ಶೆಲ್ಲಿನ ಒಡಲಲ್ಲಿಯೇ ಅಡಕವಾಗಿರುವುದರಿಂದ, ಅದಕ್ಕಾಗಿ ಬೇರೊಂದು ಕಾರ್ಯಕ್ರಮವನ್ನು ಎಬ್ಬಿಸಬೇಕಾಗಿಲ್ಲ. ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮುಂದೆ ‘ಸುರಪುರ’ವೆಂದು ಸೇರಿಸಿ ಗುಂಡಿಯೊತ್ತಿದರೆ, ಕೆಳಗಿನ ಸಾಲಿನಲ್ಲಿ ‘ಸುರಪುರ’ವೆಂದೇ ಮೂಡುವುದು. ಇಷ್ಟೇ ಅದರ ವಿದ್ಯೆ.

ಇಷ್ಟಕ್ಕೆ ಲೇಖನವೇಕೆಂದು ವಾಚಕರು ಕೇಳಬಹುದು. ಆ ಮಾತನ್ನು ಪರದೆಗೆ ಬಿಡದೆ ಕಡತಕ್ಕೂ ತಿರುಗಿಸಬಹುದು; ಅಪಾಯವಿರುವುದು ಅಲ್ಲಿ. ಕಡತದ ಹೆಸರಿಗೆ ಮುಂಚೆ >> ಎಂದು ಎರಡು ಬಾಣಗಳನ್ನಿಟ್ಟರೆ ಹೊಸ ಸಾಲು ಹಳೆಯವುಗಳ ಕೆಳಗೆ ಸೇರುವುದು. > ಎಂದು ಒಂದೇ ಬಾಣವನ್ನಿಟ್ಟರೆ ಹಿಂದಿನದೆಲ್ಲ ಅಳಿದು ಹೊಸ ಸಾಲೊಂದೇ ಉಳಿಯುವುದು. ‘ಅಳಿಸಲೇ?’ ಎಂದು ಶೆಲ್ ಕೇಳುವುದಿಲ್ಲ. ಹತ್ತಿ ಮಾರಿದ ಲೆಕ್ಕ, ಆಳುಗಳ ಕೂಲಿ, ಅಂಗಡಿಯ ಉದ್ದರಿ, ಹೀಗೆ ವರ್ಷವೆಲ್ಲ ಬರೆದಿಟ್ಟದ್ದು ಒಂದು ಬಾಣದ ಕೊರತೆಯಿಂದ ಹೋದೀತು. ಮೊದಲೇ ‘ಸೆಟ್ -ಓ ನೋಕ್ಲಾಬರ್’ ಎಂದು ಆಜ್ಞಾಪಿಸಿದ್ದರೆ, ಒಂಟಿ ಬಾಣದಿಂದ ಇರುವ ಕಡತವನ್ನು ಅಳಿಸಲು ಬ್ಯಾಶ್ ಒಪ್ಪುವುದಿಲ್ಲ. ಆದರೆ ಈ ಕಾವಲು ಆ ಶೆಲ್ಲನ್ನು ಮುಚ್ಚುವವರೆಗೆ ಮಾತ್ರ. ಪ್ರತಿ ಸಲವೂ ಇರಬೇಕಾದರೆ ಬ್ಯಾಶಿನ ಆರಂಭದ ಕಡತದಲ್ಲಿಯೇ ಆ ಸಾಲನ್ನು ಬರೆದಿಡಬೇಕು. ಮನೆಯ ಲೆಕ್ಕವಿರುವ ಯಂತ್ರದಲ್ಲಿ ಇದನ್ನು ಮಾಡದಿರುವುದು ತಿಜೋರಿಗೆ ಬೀಗ ಹಾಕದೆ ಊರಿಗೆ ಹೋದಂತೆ.

ಲೆಕ್ಕದ ಅಂಕಣಗಳು ಸರಿಯಾಗಿ ಕೂಡಲೆಂದು ನಡುವೆ ಹೆಚ್ಚು ತೆರಪು ಬಿಡುವವರು, ಇಡೀ ಸಾಲನ್ನು ಉದ್ಧರಣ ಚಿಹ್ನೆಗಳೊಳಗೆ ಬರೆಯಬೇಕು. ಇಲ್ಲದಿದ್ದರೆ ಎಷ್ಟು ತೆರಪಿದ್ದರೂ ಒಂದೇ ಆಗಿ ಹೊರಬರುವುದು.

ಎಕೋಗೆ ಕನ್ನಡ ತಿಳಿಯುವುದೇ? ತಿಳಿಯದು, ಆದರೆ ಕೆಡಿಸುವುದೂ ಇಲ್ಲ. ‘ಸುರಪುರ’ದಲ್ಲಿ ನಾವು ನಾಲ್ಕಕ್ಷರಗಳನ್ನು ಎಣಿಸುತ್ತೇವೆ. ಯೂನಿಕೋಡಿನಲ್ಲಿ ಎರಡು ಕೊಂಬುಗಳೂ ಲೆಕ್ಕಕ್ಕೆ ಬಂದು ಆರು ಸಂಕೇತಗಳಾಗುವುವು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟುಗಳಂತೆ 18. ಸಾಲು ಮುಗಿಯಿತೆಂಬ ಗುರುತನ್ನು ಎಕೋ ತಾನೇ ಸೇರಿಸುವುದರಿಂದ ಒಟ್ಟು 19. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಚದುರಿ ಕಾಣುವುದುಂಟು. ಅದು ತೋರಿಸುವ ಕಿಟಕಿಯ ದೋಷ, ಕಡತದೊಳಗಿನ ಅಕ್ಷರಗಳದ್ದಲ್ಲ. ಆದಕಾರಣ ಅಂಥದನ್ನು ಕಂಡು ಗಾಬರಿಯಿಂದ ಅಳಿಸಿ ಬರೆಯಹೊರಡಬೇಡಿರಿ. ಕಡತವನ್ನು ಬೇರೆ ತಂತ್ರಾಂಶದಲ್ಲಿ ತೆರೆದು ನೋಡಿರಿ.