ಗಣಕ ಏಳದಿದ್ದರೆ ಫಾರ್ಮ್ಯಾಟ್‌ಗೆ ಅವಸರ ಬೇಡ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಮನೆಗಳಲ್ಲಿ ಕಂಪ್ಯೂಟರ್ ಈಗ ಅಪರೂಪದ ವಸ್ತುವಲ್ಲ. ಅಣ್ಣನ ಡಿಪ್ಲೊಮಾಕ್ಕೆಂದು ಕೊಂಡದ್ದು ತಂಗಿಯ ಪಿಯುಸಿ ಓದಿಗೂ ಬರುತ್ತದೆ. ಅದೇ ಯಂತ್ರದಲ್ಲಿ ಅಪ್ಪನ ಕಬ್ಬಿನ ಲೆಕ್ಕ, ಪಹಣಿಯ ಪ್ರತಿ, ಅಕ್ಕನ ಮದುವೆಯ ಚಿತ್ರಗಳು, ತೀರಿಹೋದ ಅಜ್ಜಿ ಹಾಡಿದ ಬೀಸುವ ಪದದ ಧ್ವನಿಮುದ್ರಣ ಎಲ್ಲವೂ ಸೇರಿಕೊಂಡಿರುತ್ತವೆ. ಇಂಥ ಯಂತ್ರ ಒಂದು ಬೆಳಗ್ಗೆ ಏಳದೆ ಮುಷ್ಕರ ಹೂಡಿತೆಂದರೆ ಮನೆಯವರು ಅದನ್ನು ಚೀಲಕ್ಕೆ ಹಾಕಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಧಾವಿಸುತ್ತಾರೆ. ಅಲ್ಲಿ ಬಹಳ ಸಲ ಸಿಗುವ ಉತ್ತರ ಒಂದೇ: “ಫಾರ್ಮ್ಯಾಟ್ ಹೊಡೀಬೇಕ್ರಿ, ಸಂಜೀಗೆ ಬರ್ರಿ.” ಸಂಜೆಗೆ ಯಂತ್ರವೇನೋ ಹೊಸದರಂತೆ ಓಡುತ್ತದೆ. ಅಜ್ಜಿಯ ದನಿ ಮಾತ್ರ ಅದರಲ್ಲಿರುವುದಿಲ್ಲ.

ಗಣಕ ಏಳದಿರುವುದು ಬೇರೆ, ಅದರೊಳಗಿನ ಕಡತಗಳು ಹಾಳಾಗುವುದು ಬೇರೆ. ಬಾಗಿಲಿನ ಕೀಲಿ ಕೆಟ್ಟಿತೆಂದು ಒಳಗಿನ ಜೋಳ ಕೆಡುವುದಿಲ್ಲವಷ್ಟೆ! ಕಡತಗಳು ಇರುವುದು ಹಾರ್ಡ್ ಡಿಸ್ಕ್ ಎಂಬ ಒಂದೇ ಭಾಗದಲ್ಲಿ; ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದರ ಬದಲು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಇರುತ್ತದೆ. ಆದರೆ ಯಂತ್ರ ಏಳಬೇಕಾದರೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ಮದರ್‌ಬೋರ್ಡ್, ರ‍್ಯಾಮ್, ಕೊನೆಗೆ ವಿಂಡೋಸ್ ಎಂಬ ತಂತ್ರಾಂಶ ಇಷ್ಟೂ ಸರಿಯಾಗಿರಬೇಕು. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಪರದೆ ಕಪ್ಪಾಗುತ್ತದೆ. ಆಗಲೂ ಡಿಸ್ಕ್ ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರುತ್ತದೆ.

ಗುಂಡಿ ಒತ್ತಿದಾಗ ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲವೆಂದರೆ ವಿದ್ಯುತ್ತಿನ ಕಡೆ ನೋಡಬೇಕು. ಪ್ಲಗ್ಗು, ಕೇಬಲ್ಲು ಸರಿಯಿದ್ದರೆ ಸಂಶಯ ಎಸ್‌ಎಂಪಿಎಸ್ ಮೇಲೆ. ಪಂಪ್‌ಸೆಟ್‌ಗಳು ಒಮ್ಮೆಲೇ ಶುರುವಾದಾಗ ದೀಪ ಮಂಕಾಗುವ, ಕರೆಂಟ್ ಹೋಗಿ ಬರುವ ಊರುಗಳಲ್ಲಿ ಅದು ಸೋಲುವುದು ಆಶ್ಚರ್ಯವಲ್ಲ. ಅದನ್ನು ಬದಲಿಸಿದರೆ ಆಯಿತು. ಆದರೆ ವಿದ್ಯಾರ್ಥಿಗಳು ಕುತೂಹಲಕ್ಕೆಂದು ಆ ಪೆಟ್ಟಿಗೆಯನ್ನು ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಫ್ಯಾನು ತಿರುಗುತ್ತದೆ, ಪರದೆ ಕಪ್ಪು, ಬೀಪ್ ಬೀಪ್ ಎಂಬ ಸದ್ದು. ಇದು ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಹೇಳುತ್ತಿರುವ ದೂರು. ಬಹಳ ಸಲ ಅದು ರ‍್ಯಾಮ್ ಕುರಿತದ್ದು. ಧೂಳು, ತೇವದಿಂದ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಪದರ ಕಟ್ಟುತ್ತದೆ. ಪ್ಲಗ್ ಕಿತ್ತು, ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು ರ‍್ಯಾಮ್ ಪಟ್ಟಿಯನ್ನು ಹೊರತೆಗೆಯಬೇಕು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಹಲ್ಲುಗಳನ್ನು ಮೃದುವಾಗಿ ಉಜ್ಜಿ, ಪುಡಿ ಒರೆಸಿ ಕೂಡಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಐದು ರೂಪಾಯಿಯ ಚಿಕಿತ್ಸೆ!

ಕೆಲವೊಮ್ಮೆ “ಬೂಟ್ ಮಾಡುವ ಸಾಧನ ಸಿಗಲಿಲ್ಲ” ಎಂಬ ಅರ್ಥದ ಸಾಲು ಮೂಡುತ್ತದೆ. ಗಾಬರಿಯಾಗುವ ಮುನ್ನ, ರಾತ್ರಿ ಚುಚ್ಚಿ ಮರೆತ ಪೆನ್‌ಡ್ರೈವ್ ಇದೆಯೇ ನೋಡಿರಿ. ಯಂತ್ರ ಅದರಲ್ಲಿ ವಿಂಡೋಸ್ ಹುಡುಕಿ ಸೋತಿರಬಹುದು. ಗಡಿಯಾರ ಹಳೆಯ ವರ್ಷಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ 3 ವೋಲ್ಟ್ ಗುಂಡಿಸೆಲ್ ಮುಗಿದಿದೆ. ಯಾವ ಡಿಸ್ಕಿನಿಂದ ಏಳಬೇಕೆಂಬ ನೆನಪೂ ಅದರೊಡನೆ ಹೋಗಿರಬಹುದು.

ಇಷ್ಟೆಲ್ಲ ದಾಟಿ ವಿಂಡೋಸ್ ಬಳಿಯೇ ತೊಡಕಾದರೆ? ಅದಕ್ಕೂ ಫಾರ್ಮ್ಯಾಟ್ ಮೊದಲ ಮದ್ದಲ್ಲ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ತಂತ್ರಾಂಶದ ಕಂಪನಿ ಕಳಿಸಿದ ದೋಷಯುಕ್ತ ಕಡತವೇ ಅದಕ್ಕೆ ಕಾರಣ. ಮೈಕ್ರೋಸಾಫ್ಟ್ ಅಂದಾಜಿನಂತೆ ಮಲಗಿದ ಯಂತ್ರಗಳು 85 ಲಕ್ಷ. ಪರಿಹಾರವೇನಿತ್ತು? ಯಂತ್ರವನ್ನು ಸೇಫ್ ಮೋಡ್‌ನಲ್ಲಿ, ಅಂದರೆ ಅತ್ಯಗತ್ಯವಾದಷ್ಟೇ ತಂತ್ರಾಂಶದೊಂದಿಗೆ, ಎಬ್ಬಿಸಿ ಆ ಒಂದು ಕಡತವನ್ನು ಅಳಿಸುವುದು. ಬಳಕೆದಾರರ ಸ್ವಂತ ಕಡತಗಳಿಗೆ ಕೈಹಚ್ಚುವ ಪ್ರಮೇಯವೇ ಇರಲಿಲ್ಲ. ಮನೆಯ ಯಂತ್ರಕ್ಕೂ ಈ ಸೌಕರ್ಯವಿದೆ. ವಿಂಡೋಸ್ 10, 11ರಲ್ಲಿ ಎರಡು-ಮೂರು ಸಲ ಏಳಲು ಸೋತ ಮೇಲೆ ದುರಸ್ತಿಯ ಪುಟ ತಾನಾಗಿಯೇ ಬರುತ್ತದೆ. ಸ್ಟಾರ್ಟ್‌ಅಪ್ ರಿಪೇರಿ, ಸೇಫ್ ಮೋಡ್ ಎರಡೂ ಅಲ್ಲಿವೆ. ಅದೇ ಪುಟದಲ್ಲಿ ‘ರೀಸೆಟ್’ ಎಂಬುದೂ ಇದೆ. ಅದನ್ನು ಒತ್ತಿದರೆ ಕಡತಗಳನ್ನು ಉಳಿಸಬೇಕೋ, ಎಲ್ಲವನ್ನೂ ತೆಗೆಯಬೇಕೋ ಎಂದು ಕೇಳುತ್ತದೆ. ಓದದೆ ಒತ್ತಿದವರು ಆಮೇಲೆ ಪರದಾಡುತ್ತಾರೆ.

ಫಾರ್ಮ್ಯಾಟ್ ಎಂದರೆ ನಿಜವಾಗಿ ಏನು? ನಿಪ್ಪಾಣಿಯ ತಂಬಾಕಿನ ಗೋದಾಮನ್ನು ಕಲ್ಪಿಸಿಕೊಳ್ಳಿರಿ. ಯಾವ ಚೀಲ ಎಲ್ಲಿದೆ ಎಂಬುದು ಗುಮಾಸ್ತನ ದಫ್ತರಿನಲ್ಲಿದೆ. ಅವಸರದ ಫಾರ್ಮ್ಯಾಟ್ ಆ ದಫ್ತರನ್ನು ಕಿತ್ತೆಸೆದು ಖಾಲಿ ಹೊಸ ದಫ್ತರು ಇಡುತ್ತದೆ. ಹಳೆಯ ಚೀಲಗಳು ಇನ್ನೂ ಅಲ್ಲಿಯೇ ಇವೆ. ಆದರೆ ದಫ್ತರಿನ ಪ್ರಕಾರ ಜಾಗ ಖಾಲಿ, ಆದ್ದರಿಂದ ಹೊಸ ವಿಂಡೋಸ್ ಬಂದು ಅವುಗಳ ಜಾಗದಲ್ಲೇ ಕೂರುತ್ತದೆ. ಕೂತಷ್ಟು ಜಾಗದ ಮಾಲು ಹೋಯಿತು. ಆದಕಾರಣ ತಪ್ಪಿ ಫಾರ್ಮ್ಯಾಟ್ ಆದ ಡಿಸ್ಕಿಗೆ ಏನನ್ನೂ ಬರೆಯದೆ ತೆಗೆದಿಟ್ಟರೆ ಮರಳಿ ಪಡೆಯುವ ಅವಕಾಶ ಉಂಟು. ಎಸ್‌ಎಸ್‌ಡಿಯಲ್ಲಿ ಈ ಆಸೆ ತೀರ ಕಡಿಮೆ. ಜಾಗ ಖಾಲಿಯೆಂದು ವಿಂಡೋಸ್ ತಿಳಿಸಿದೊಡನೆ ಅದು ಹಳೆಯ ಮಾಲನ್ನು ತಾನೇ ಅಳಿಸಲಾರಂಭಿಸುತ್ತದೆ.

“ಡಿ ಡ್ರೈವ್‌ಗೆ ಏನೂ ಆಗುವುದಿಲ್ಲ” ಎಂಬ ಭರವಸೆಯ ಮಾತನ್ನೂ ಅಂಗಡಿಗಳಲ್ಲಿ ಕೇಳಬಹುದು. ಅದು ನಿಜವೇ ಇರಲಿ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲಿ. ಮಕ್ಕಳು ಪ್ರಾಜೆಕ್ಟನ್ನು ಇಡುವುದೂ ಡೆಸ್ಕ್‌ಟಾಪಿನಲ್ಲಿಯೇ.

ಆದ್ದರಿಂದ ಮೊದಲು ಕಡತ, ಆಮೇಲೆ ದುರಸ್ತಿ. ಇದಕ್ಕೆ ಎರಡು ದಾರಿಗಳಿವೆ. ಗೆಳೆಯರ ಕಂಪ್ಯೂಟರ್‌ನಲ್ಲಿ 8 ಜಿಬಿಯ ಪೆನ್‌ಡ್ರೈವ್‌ಗೆ ಉಬುಂಟುವಿನಂಥ ಉಚಿತ ಲಿನಕ್ಸ್ ತುಂಬಿಸಿಕೊಂಡು, ಕೆಟ್ಟ ಯಂತ್ರವನ್ನು ಅದರಿಂದ ಎಬ್ಬಿಸುವುದು ಒಂದು. ಪೆನ್‌ಡ್ರೈವ್ ತುಂಬಿಸುವಾಗ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. ಎದ್ದ ಮೇಲೆ ‘ಇನ್‌ಸ್ಟಾಲ್’ ಒತ್ತದೆ ‘ಟ್ರೈ’ ಎಂಬುದನ್ನೇ ಒತ್ತಬೇಕು. ಡಿಸ್ಕಿನ ಕಡತಗಳು ಕಾಣುತ್ತವೆ. ಇನ್ನೊಂದು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಬಹುದು. ಎರಡನೆಯದು, ಡಿಸ್ಕನ್ನೇ ಬಿಚ್ಚಿ ಯುಎಸ್‌ಬಿ ಪರಿವರ್ತಕದ ಮೂಲಕ ಬೇರೆ ಕಂಪ್ಯೂಟರ್‌ಗೆ ಜೋಡಿಸುವುದು. ಕೆಲವು ನೂರು ರೂಪಾಯಿಯ ಈ ಪರಿವರ್ತಕ ರಿಪೇರಿ ಅಂಗಡಿಗಳಲ್ಲಿ ಇದ್ದೇ ಇರುತ್ತದೆ. ಅಂಗಡಿಯವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಫಾರ್ಮ್ಯಾಟ್ ತಾಸಿನ ಕೆಲಸ, ಕಡತ ನಕಲಿಸುವುದು ಅರ್ಧ ದಿನದ ಕೆಲಸ. ಗಿರಾಕಿ ಕೊಡಲೊಪ್ಪುವ ಹಣ ಎರಡಕ್ಕೂ ಅಷ್ಟೇ. ಪಾಲಕರು “ಮೊದಲು ಕಡತ ತೆಗೆದುಕೊಡಿರಿ, ಅದಕ್ಕೆ ಬೇರೆ ಕೊಡುತ್ತೇವೆ” ಎಂದು ಹೇಳಿ, ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ ಬರುವುದು ಒಳ್ಳೆಯದು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಬೀಗವಿದೆ. ಬಿಟ್‌ಲಾಕರ್ ಎಂಬ ವ್ಯವಸ್ಥೆ ಡಿಸ್ಕಿನ ಮಾಹಿತಿಯನ್ನೆಲ್ಲ ಗೂಢಲಿಪಿಗೆ ತಿರುಗಿಸಿಟ್ಟಿರುತ್ತದೆ. ಡಿಸ್ಕ್ ಬಿಚ್ಚಿ ಬೇರೆಡೆ ಜೋಡಿಸಿದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಅದು ಸಾಮಾನ್ಯವಾಗಿ ಯಂತ್ರವನ್ನು ಮೊದಲು ಸಿದ್ಧಪಡಿಸುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆ ಮಾರಿದ ಅಂಗಡಿಯ ಹುಡುಗನದ್ದಾಗಿದ್ದರೆ? ಯಂತ್ರ ಚೆನ್ನಾಗಿರುವಾಗಲೇ ಇದನ್ನು ವಿಚಾರಿಸಿ, ಕೀಲಿಯನ್ನು ಕಾಗದದ ಮೇಲೆ ಬರೆದು ಟ್ರಂಕಿನಲ್ಲಿಡಬೇಕು. ಅದು ಕಳೆದರೆ ಮೈಕ್ರೋಸಾಫ್ಟಿನವರೂ ಬೀಗ ತೆರೆಯಲಾರರು.

ಇನ್ನು, ಡಿಸ್ಕೇ ಕೆಟ್ಟ ಸಂದರ್ಭ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸಲ ತಿರುಗುತ್ತವೆ. ಅವುಗಳ ಮೇಲೆ ಓದುವ ತಲೆ ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ‘ಟಕ್ ಟಕ್’ ಎಂಬ ಸದ್ದು ಬಂದರೆ ಆ ತಲೆ ದಿಕ್ಕು ತಪ್ಪಿದೆಯೆಂದೇ ತಿಳಿಯಬೇಕು. ಆಗ ಮತ್ತೆ ಮತ್ತೆ ಚಾಲೂ ಮಾಡಿದಂತೆಲ್ಲ ತಟ್ಟೆ ಗೀರಿ ಮಾಹಿತಿ ಪುಡಿಯಾಗುತ್ತದೆ. ಕೂಡಲೇ ಆರಿಸಿ, ತಜ್ಞರ ಕೈಗೇ ಕೊಡಬೇಕು.

2005, 2019 ಮತ್ತು 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಬಂದದ್ದನ್ನು ಈ ಭಾಗದವರು ಮರೆತಿಲ್ಲ. ಯಡೂರ, ಜುಗೂಳ, ಕುಡಚಿಯಂಥ ನದಿದಂಡೆಯ ಊರುಗಳಲ್ಲಿ ಮಳೆಗಾಲಕ್ಕೆ ಯಂತ್ರವನ್ನು ನೆಲಬಿಟ್ಟು ಮೇಲಿಡುವುದೇ ವಾಸಿ. ನೆರೆಯಲ್ಲಿ ನೆಂದ ಯಂತ್ರವನ್ನು ಬಿಸಿಲಿಗಿಟ್ಟು ಒಣಗಿಸಿ ಗುಂಡಿ ಒತ್ತುವುದು ಸಹಜವಾಗಿ ತೋಚುವ ಉಪಾಯ. ಅದೇ ದೊಡ್ಡ ಅಪಾಯ. ಒಳಹೊಕ್ಕ ರಾಡಿ ಒಣಗಿ ತಟ್ಟೆಗೆ ಅಂಟುತ್ತದೆ, ತಿರುಗಿದೊಡನೆ ಉಪ್ಪುಕಾಗದದಂತೆ ಉಜ್ಜುತ್ತದೆ. ನೆಂದ ಡಿಸ್ಕನ್ನು ಚಾಲೂ ಮಾಡದೆ, ಒಣಗಿಸದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಜ್ಞರಿಗೆ ಕಳಿಸಬೇಕು. ಇದು ದುಬಾರಿ ಕೆಲಸ. ಆದರೆ ಅಸಾಧ್ಯವಲ್ಲ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಸಂಗಾತಿಗಳನ್ನು ಬಲಿತೆಗೆದುಕೊಂಡ ಕೊಲಂಬಿಯಾ ನೌಕೆಯ ಅವಶೇಷಗಳಲ್ಲಿ ಸುಟ್ಟು ಕರಿಕಾದ ಹಾರ್ಡ್ ಡಿಸ್ಕೊಂದು ಸಿಕ್ಕಿತು. ತಜ್ಞರು ಅದರ ತಟ್ಟೆಗಳನ್ನು ತೊಳೆದು, ಬೇರೆ ಡಿಸ್ಕಿನ ಭಾಗಗಳೊಂದಿಗೆ ಜೋಡಿಸಿ, ಸುಮಾರು ಶೇಕಡ 99ರಷ್ಟು ಮಾಹಿತಿಯನ್ನು ಹೊರತೆಗೆದರು. ಅದರಲ್ಲಿದ್ದ ಝೆನಾನ್ ಅನಿಲದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು.

ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ಒಂದು ವಿಚಿತ್ರವೂ ಉಂಟು. ಕಡತಗಳೇನೋ ಸಿಕ್ಕವು, ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು! “ವೈರಸ್ ತಿಂದಿದೆ” ಎಂದು ಅಳಿಸಿಬಿಟ್ಟವರಿದ್ದಾರೆ. ಅಲ್ಲಿ ಕೆಟ್ಟದ್ದು ಏನೂ ಇಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿದ್ದವು. ಆ ಅಕ್ಷರಶೈಲಿ ಇದ್ದದ್ದು ಸಿ ಡ್ರೈವ್‌ನಲ್ಲಿ, ಅದು ಫಾರ್ಮ್ಯಾಟ್‌ನೊಂದಿಗೆ ಹೋಗಿದೆ ಅಷ್ಟೆ. ನುಡಿಯನ್ನೋ ಬರಹವನ್ನೋ ಮತ್ತೆ ಹಾಕಿಕೊಂಡು ಕಡತ ತೆರೆದರೆ ಅಕ್ಷರಗಳು ಮೊದಲಿನಂತೆಯೇ ಕಾಣುತ್ತವೆ. ಅವುಗಳಲ್ಲಿರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿಟ್ಟರೆ ಮುಂದೆ ಯಾವ ಯಂತ್ರದಲ್ಲಾದರೂ, ಮೊಬೈಲಿನಲ್ಲಿಯೂ ಓದಲು ಬರುತ್ತದೆ.